ತಲಕಾಡುಗೊಂಡನ ಹೊನ್ನು, ಅಜ್ಜಿಯ ಕಂಠೀರಾಯಿ ಹಣ

ನಮ್ಮ ಅಜ್ಜಿಯ ಕಾಸಿನ ಸರದಲ್ಲಿ, ಪದಕಕ್ಕೆ ತುಸು ಮೇಲೆ, ಹುರಿಗಡಲೆ ಬೇಳೆಯಷ್ಟಗಲದ ಒಂದು ಚಿನ್ನದ ಬಿಲ್ಲೆ ಇತ್ತು. ಮಿಕ್ಕ ಕಾಸುಗಳೆಲ್ಲ ಒಂದೇ ಅಚ್ಚಿನವು. ಇದೊಂದು ಮಾತ್ರ ಬೇರೆ. ಅದರ ಮೇಲೆ ಕಾಲು ಮಡಿಸಿ ಕುಳಿತ ಒಂದು ಗೊಂಬೆ, ಹಿಂದೆ ಓದಲಾಗದ ಮೂರು ಸಾಲು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದಾಗ ಅಜ್ಜಿ ತಂದದ್ದು. "ಅದು ಒಡವೆ ಅಲ್ಲ ಕಣಪ್ಪ, ಹಣ" ಎನ್ನುತ್ತಿದ್ದಳು. ಹಣವೆಂದರೆ ಅಂಗಡಿಗೆ ಕೊಡುವುದು ಎಂದಷ್ಟೇ ತಿಳಿದಿದ್ದ ನಮಗೆ ಆ ಮಾತು ಅರ್ಥವಾಗುತ್ತಿರಲಿಲ್ಲ.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. 'ಹಣ' ಎಂಬುದು ಇಂದು ದುಡ್ಡಿಗೆಲ್ಲ ಸಲ್ಲುವ ಮಾತಾಗಿದೆ. ಒಂದು ಕಾಲಕ್ಕೆ ಅದು ಒಂದು ನಿರ್ದಿಷ್ಟ ನಾಣ್ಯದ ಹೆಸರು. ಮೂರು ಗುಲಗಂಜಿಯ ತೂಕ, ಎಂದರೆ ಒಂದು ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು ಚಿನ್ನ. ಅಜ್ಜಿಯ ಸರದಲ್ಲಿದ್ದುದು ಕಂಠೀರಾಯಿ ಹಣ. ಗೊಂಬೆ ಎಂದು ನಾವು ಕರೆಯುತ್ತಿದ್ದುದು ನರಸಿಂಹ. ಹಿಂದಿನ ಮೂರು ಸಾಲಿನಲ್ಲಿದ್ದುದು ನಾಗರಿಯಲ್ಲಿ 'ಶ್ರೀ ಕಂಠೀರವ'. ಇದೆಲ್ಲ ನನಗೆ ತಿಳಿಯುವ ಹೊತ್ತಿಗೆ ಆ ಹಣ ಇರಲಿಲ್ಲ. ಮನೆಯಲ್ಲೊಂದು ಮದುವೆ ಬಂದಾಗ ಸರವನ್ನು ಅಕ್ಕಸಾಲಿಗರಿಗೆ ಕೊಟ್ಟು ಹೊಸ ಮಾದರಿಗೆ ಮಾಡಿಸಿದರು. ಬಿಲ್ಲೆಯೂ ಮೂಸೆಗೆ ಹೋಯಿತು.

ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲದ ಹಳೆಯ ಮನೆಗಳಲ್ಲಿ ಇಂಥ ಕಥೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಹೊಲ ಉಳುವಾಗ ಸಿಕ್ಕಿದ್ದು, ಹಿತ್ತಲಿನ ಗೋಡೆ ಬಿದ್ದಾಗ ಮಡಕೆಯಲ್ಲಿ ಕಂಡದ್ದು, ಮಾದಪ್ಪನಿಗೋ ಬಿಳಿಗಿರಿರಂಗನಿಗೋ ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು ತಲೆಮಾರುಗಳ ಕಾಲ ಬಿಚ್ಚದೇ ಉಳಿದದ್ದು. ಈ ಸೀಮೆಯಲ್ಲಿ ಇಷ್ಟು ಬಗೆಯ ನಾಣ್ಯಗಳು ಏಕೆ ಸಿಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಭೂಪಟದಲ್ಲಿದೆ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಈ ನೆಲಕ್ಕೆ ಒಂದು ಕಡೆ ಕಾವೇರಿ, ಇನ್ನೊಂದು ಕಡೆ ನೀಲಗಿರಿ, ಮತ್ತೊಂದು ಕಡೆ ವಯನಾಡು. ಕೆಳಗೆ ಕೊಂಗುನಾಡಿನ ಬಯಲು. ಸತ್ಯಮಂಗಲದಿಂದ ಗಜಲಹಟ್ಟಿ ಕಣಿವೆ ಹತ್ತಿ ಬಂದವರು ಮೈಸೂರು ಸೀಮೆಗೆ ಕಾಲಿಡುತ್ತಿದ್ದುದು ಇಲ್ಲೇ. ವ್ಯಾಪಾರಿಯೂ ಈ ದಾರಿಯಲ್ಲಿ ಬಂದ, ದಂಡೂ ಬಂತು. ವ್ಯಾಪಾರಿ ನಾಣ್ಯ ತಂದ, ದಂಡು ಬಂತೆಂದು ಕೇಳಿದ ರೈತ ಅದನ್ನು ಹೂತಿಟ್ಟ.

ಈ ದಾರಿ ಬಲು ಹಳೆಯದು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಭೂಗೋಳಕಾರ ಟಾಲೆಮಿ ದಕ್ಷಿಣ ಭಾರತದ ಊರುಗಳ ಪಟ್ಟಿಯಲ್ಲಿ 'ಪುನ್ನಾಟ'ವನ್ನು ಹೆಸರಿಸಿ, ಅಲ್ಲಿ ಬೆರಿಲ್ ಎಂಬ ಹಸಿರು ಹರಳು ಸಿಗುತ್ತದೆ ಎಂದು ಬರೆದಿದ್ದಾನೆ. ಪುನ್ನಾಡೆಂದರೆ ಕಪಿಲೆಯ ಸುತ್ತಿನ ನಾಡು. ಅದರ ರಾಜಧಾನಿ ಕೀರ್ತಿಪುರ ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಆ ಹರಳಿಗೆ ರೋಮಿನ ಶ್ರೀಮಂತರು ಮುಗಿಬೀಳುತ್ತಿದ್ದರು. ಪ್ರತಿಯಾಗಿ ಬಂದ ರೋಮನ್ ಬೆಳ್ಳಿ ಬಂಗಾರ ಕೊಯಮತ್ತೂರು ಸೀಮೆಯ ವೆಳ್ಳಲೂರು, ಪೊಳ್ಳಾಚಿ, ಕರೂರುಗಳಲ್ಲಿ ಮಡಕೆ ಮಡಕೆಯಾಗಿ ಸಿಕ್ಕಿದೆ. ನಮ್ಮ ಕಡೆ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ದೊಡ್ಡ ನಿಧಿ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಗೆಸಿದಾಗ ಶಾತವಾಹನ ನಾಣ್ಯಗಳ ಜೊತೆ ರೋಮಿನವೂ ಬಂದವು.

ಮುಂದೆ ಬಂದವರು ತಲಕಾಡಿನ ಗಂಗರು. ನಾಣ್ಯ ಸಂಗ್ರಾಹಕರ ಬಾಯಲ್ಲಿ ನೀರೂರಿಸುವ 'ಆನೆ ಹೊನ್ನು' ಇವರದೆಂಬುದು ಬಹುಕಾಲದ ನಂಬಿಕೆ. ಒಂದು ಬದಿಗೆ ಸಿಂಗರಿಸಿದ ಆನೆ, ಇನ್ನೊಂದು ಬದಿಗೆ ಬಳ್ಳಿಯ ಸುರುಳಿ. ಇಂಗ್ಲಿಷರು ಇದನ್ನು ಗಜಪತಿ ಪಗೋಡ ಎಂದು ಕರೆದರು. ಆನೆ ಗಂಗರ ಲಾಂಛನ, ಅವರ ತಾಮ್ರಪಟಗಳ ಮುದ್ರೆಯಲ್ಲೂ ಆನೆಯಿದೆ, ಆದ್ದರಿಂದ ನಾಣ್ಯವೂ ಅವರದೇ ಎಂಬುದು ವಾದ. ತೊಡಕೆಂದರೆ ನಾಣ್ಯದ ಮೇಲೆ ಒಂದಕ್ಷರವೂ ಇಲ್ಲ. ರಾಜನ ಹೆಸರಿಲ್ಲ, ಬಿರುದಿಲ್ಲ, ವರ್ಷವಿಲ್ಲ. ಗಂಗರ ಆಳ್ವಿಕೆ ಮುಗಿದ ಮೇಲಿನ ಶತಮಾನಗಳಲ್ಲಿ ಯಾರೋ ಹೊರಡಿಸಿದ್ದಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಇಲ್ಲಿಯೇ ನೋಡಿ, ನಾಣ್ಯ ಸಿಕ್ಕ ಜಾಗದ ಬೆಲೆ ಗೊತ್ತಾಗುವುದು. ಯಾವ ಊರಿನ ಯಾವ ಹೊಲದಲ್ಲಿ, ಬೇರೆ ಯಾವ ನಾಣ್ಯಗಳ ಜೊತೆಗೆ, ಎಂಥ ಮಡಕೆಯಲ್ಲಿ ಸಿಕ್ಕಿತೆಂಬುದನ್ನು ಆಗಲೇ ಬರೆದಿಟ್ಟಿದ್ದರೆ ಇಂಥ ವಿವಾದ ಎಷ್ಟೋ ತಿಳಿಯಾಗುತ್ತಿತ್ತು. ಪೇಟೆಯಿಂದ ಪೇಟೆಗೆ ಕೈಬದಲಾಗಿ ಬಂದ ನಾಣ್ಯದ ಬಾಯಿ ಅರ್ಧ ಕಟ್ಟಿದಂತೆಯೇ.

ಅಕ್ಷರವಿರುವ ನಾಣ್ಯದ ಗತ್ತೇ ಬೇರೆ. ಹೊಯ್ಸಳ ವಿಷ್ಣುವರ್ಧನನ ಹೊನ್ನನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಮೊದಲು ನೋಡಿದಾಗ ನಾನು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಸುಮಾರು 4 ಗ್ರಾಂ ತೂಗುವ ಚಿನ್ನ. ಒಂದು ಬದಿಯಲ್ಲಿ ಸಿಂಹ, ಅದರ ಮೇಲ್ಗಡೆ ಇನ್ನೊಂದು ಸಣ್ಣ ಸಿಂಹ. ತಿರುಗಿಸಿದರೆ ಮೂರು ಸಾಲಿನಲ್ಲಿ ಕನ್ನಡ: 'ಶ್ರೀ ತಲಕಾಡುಗೊಂಡ'. ಅದು ಹಳಗನ್ನಡದ ಲಿಪಿ, ಆದರೆ ನಾಲ್ಕು ಶಾಸನ ನೋಡಿದವರಿಗೆ ಓದಲು ಕಷ್ಟವಿಲ್ಲ. ರಾಜನ ಹೆಸರನ್ನು ಹಾಕಿಲ್ಲ ಎಂಬುದನ್ನು ಗಮನಿಸಿ. ತಲಕಾಡನ್ನು ಗೆದ್ದವನು ಎಂದರೆ ಸಾಕು, ಯಾರೆಂದು ಹೇಳಬೇಕಾಗಿರಲಿಲ್ಲ. ನೊಳಂಬವಾಡಿಯನ್ನು ಗೆದ್ದ ಮೇಲೆ 'ನೊಳಂಬವಾಡಿಗೊಂಡ' ಎಂಬ ಹೊನ್ನೂ ಬಂತು.

ತಲಕಾಡು ಸುಮಾರು ನೂರು ವರ್ಷ ಚೋಳರ ಕೈಯಲ್ಲಿತ್ತು. ಊರಿಗೆ ರಾಜರಾಜಪುರವೆಂದು ಹೆಸರನ್ನೂ ಇಟ್ಟಿದ್ದರು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಅಧಿಕಾರಿ ಆದಿಯಮನನ್ನು ಸೋಲಿಸಿ 1116ರ ಸುಮಾರಿಗೆ ಅದನ್ನು ಹಿಡಿದ. ಅಲ್ಲಿನ ಕೀರ್ತಿನಾರಾಯಣ ದೇವಾಲಯ ಆ ಗೆಲುವಿನದು. ಇದು ಶಾಲೆಯ ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಅಷ್ಟಾಗಿ ಇಲ್ಲದ ಭಾಗ ಚಾಮರಾಜನಗರದ ಪೇಟೆಯೊಳಗೇ ಇದೆ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿನ ಪಾರ್ಶ್ವನಾಥ ಬಸದಿಯಲ್ಲಿ 1117ರ ಒಂದು ಶಾಸನವಿದೆ. ಬಿ.ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದರು. ವಿಷ್ಣುವರ್ಧನನ ಇನ್ನೊಬ್ಬ ದಂಡನಾಯಕ ಪುಣಿಸಮಯ್ಯ ಈ ಊರಿನಲ್ಲಿ ಬಸದಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಶಾಸನಕವಿ ಪುಣಿಸನ ಪರಾಕ್ರಮವನ್ನು ಹೇಳುತ್ತ, ಅವನು ತೋದರನ್ನು ಬೆದರಿಸಿದ, ಕೊಂಗರನ್ನು ಓಡಿಸಿದ, ಮಲೆಯಾಳರನ್ನು ಸದೆಬಡಿದ, ನೀಲಾದ್ರಿಯನ್ನು ಹೊಕ್ಕ ಎನ್ನುತ್ತಾನೆ. ನೀಲಗಿರಿಯ ತೋದರ ಹೆಸರು ಬರಹದಲ್ಲಿ ಮೊತ್ತಮೊದಲು ಕಾಣಿಸುವುದು ಈ ಕಲ್ಲಿನ ಮೇಲೆ ಎಂಬ ಕಾರಣಕ್ಕೆ ಪ್ರಪಂಚದ ಮಾನವಶಾಸ್ತ್ರಜ್ಞರೆಲ್ಲ ಇದನ್ನು ಉಲ್ಲೇಖಿಸುತ್ತಾರೆ. ನಮ್ಮ ಊರಿನವರೇ ಉಲ್ಲೇಖಿಸುವುದು ಕಡಿಮೆ.

ನನಗೆ ಆ ಶಾಸನದಲ್ಲಿ ಹಿಡಿಸುವುದು ಯುದ್ಧದ ಭಾಗವಲ್ಲ. ಅದಾದ ಮೇಲೆ ಪುಣಿಸ ಏನು ಮಾಡಿದನೆಂದು ಕವಿ ಹೇಳುವ ಭಾಗ. ಕೆಟ್ಟು ನಿಂತ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲು, ಅಧಿಕಾರ ಕಳೆದುಕೊಂಡ ಬೇಡರ ನಾಯಕ, ಇವರಿಗೆಲ್ಲ ಕಳೆದುಕೊಂಡದ್ದನ್ನು ಕೊಟ್ಟು ಸಲಹಿದ ಎಂದು ಅಲ್ಲಿದೆ. ಹೊಗಳಿಕೆಯ ಮಾತು ಎಂದು ತಳ್ಳಿಹಾಕಬಹುದು. ಆದರೆ ಹೊಗಳುವವನು ಕೂಡ ಇಲ್ಲದ ಕಷ್ಟವನ್ನು ಕಟ್ಟಿ ಹೇಳಬೇಕಾಗಿರಲಿಲ್ಲ. 1117ರಲ್ಲಿ ಈ ಸೀಮೆಯ ರೈತನ ಮನೆಯಲ್ಲಿ ಬೀಜದ ಕಾಳೂ ಇರಲಿಲ್ಲವೆಂದು ಅದರಿಂದ ತಿಳಿಯುತ್ತದೆ. ಅತ್ತ ಹೊನ್ನಿನ ಮೇಲೆ 'ತಲಕಾಡುಗೊಂಡ' ಎಂಬ ಅಚ್ಚು ಬೀಳುವುದಕ್ಕೆ ಕಾರಣವಾದ ಅದೇ ದಂಡಯಾತ್ರೆಗಳ ಇನ್ನೊಂದು ಮುಖ ಇತ್ತ ಕಲ್ಲಿನ ಮೇಲಿದೆ. ನಾಣ್ಯ ಗೆಲುವನ್ನು ಮಾತ್ರ ಹೇಳುತ್ತದೆ. ಅದಕ್ಕೆ ಜಾಗವೂ ಅಷ್ಟೇ ಇರುವುದು.

ಇಲ್ಲೊಂದು ಹೋಲಿಕೆ ಹೇಳಬಹುದು. ಇದೇ ಕಾಲದಲ್ಲಿ ಐರೋಪ್ಯ ಖಂಡದ ಸ್ಯಾಕ್ಸನ್ನರ ನಾಡುಗಳಲ್ಲಿ ಬೆಳ್ಳಿಯೇ ನಾಣ್ಯ. ಸ್ಯಾಕ್ಸನ್ನರೆಂಬ ಹೆಸರಿನವರು ಎರಡು ಕಡೆ: ಕೆಲವರು ಕಡಲು ದಾಟಿ ಇಂಗ್ಲೆಂಡಿಗೆ ಹೋದರು, ಮಿಕ್ಕವರು ಜರ್ಮನಿಯಲ್ಲೇ ಉಳಿದರು. ಇಂಗ್ಲೆಂಡಿನಲ್ಲಿ ಎಡ್ಗರ್ ದೊರೆ 973ರ ಸುಮಾರಿಗೆ ಮಾಡಿದ ಸುಧಾರಣೆಯ ಮೇಲೆ ಪ್ರತಿಯೊಂದು ಪೆನ್ನಿಯ ಮುಂದೆ ದೊರೆಯ ಹೆಸರು, ಹಿಂದೆ ಅದನ್ನು ಅಚ್ಚು ಹಾಕಿದವನ ಹೆಸರು ಮತ್ತು ಊರು. ಬೆಳ್ಳಿಯಲ್ಲಿ ಕಲಬೆರಕೆ ಕಂಡರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ನಾಣ್ಯವೇ ಹೇಳುತ್ತಿತ್ತು. ಜರ್ಮನಿಯ ಸ್ಯಾಕ್ಸನಿ ಕಡೆ 1168ರಲ್ಲಿ ಫ್ರೈಬರ್ಗಿನಲ್ಲಿ ಬೆಳ್ಳಿಯ ಅದಿರು ಸಿಕ್ಕು ಊರೇ ಎದ್ದು ನಿಂತಿತು. ಅಲ್ಲಿನ ನಾಣ್ಯ ಕಾಗದದಷ್ಟು ತೆಳುವಾದ ತಗಡು, ಒಂದೇ ಬದಿಗೆ ಅಚ್ಚು. ಮ್ಯಾಗ್ಡೆಬರ್ಗಿನ ಆರ್ಚ್‌ಬಿಷಪ್ ವಿಖ್‌ಮನ್ ವರ್ಷಕ್ಕೆರಡು ಸಲ ಹಳೆಯ ನಾಣ್ಯ ಹಿಂತೆಗೆದುಕೊಂಡು ಹೊಸತು ಕೊಡುತ್ತಿದ್ದ. ಕೊಟ್ಟದ್ದಕ್ಕಿಂತ ಕಡಿಮೆ ನಾಣ್ಯ ಹಿಂದಿರುಗುತ್ತಿತ್ತು, ಕಡಿಮೆಯಾದದ್ದೇ ತೆರಿಗೆ. ನಮ್ಮ ಹೊಯ್ಸಳ ಹೊನ್ನಿನ ಮೇಲೆ ಕಮ್ಮಟದ ಊರಿನ ಹೆಸರೂ ಇಲ್ಲ, ಅಚ್ಚಿನವನ ಹೆಸರೂ ಇಲ್ಲ. ಪರೀಕ್ಷೆ ಏನಿದ್ದರೂ ಚಿನಿವಾರನ ಒರೆಗಲ್ಲಿನ ಮೇಲೆ, ತಕ್ಕಡಿಯಲ್ಲಿ. ಹೊನ್ನಿನ ಮೇಲಿನ ನಂಬಿಕೆ ರಾಜನಿಗಿಂತ ಹೆಚ್ಚಾಗಿ ಚಿನಿವಾರನ ಕೈಯಲ್ಲಿತ್ತು ಎಂದರೂ ಸಲ್ಲುತ್ತದೆ.

ಆ ಹೊನ್ನಿಗೆ ಶಾಸನಗಳಲ್ಲಿ ಗದ್ಯಾಣವೆಂಬ ಹೆಸರು. ಹತ್ತು ಹಣಕ್ಕೆ ಒಂದು ಗದ್ಯಾಣ, ನಾಲ್ಕು ಹಾಗಕ್ಕೆ ಒಂದು ಹಣ, ಹಣದ ಹದಿನಾರನೆಯ ಪಾಲು ವೀಸ. ದೇವರ ನಂದಾದೀವಿಗೆಗೆ ಇಷ್ಟು ಗದ್ಯಾಣ, ಹೊಲದ ಕಂದಾಯ ಇಷ್ಟು ಹಣ ಎಂದು ಊರೂರಿನ ಕಲ್ಲುಗಳು ಲೆಕ್ಕ ಹೇಳುತ್ತವೆ. ದೀವಿಗೆಗೆ ಕೊಟ್ಟ ಹೊನ್ನನ್ನು ಅಸಲಾಗಿಟ್ಟು ಬಡ್ಡಿಯಲ್ಲಿ ಎಣ್ಣೆ ಕೊಳ್ಳುವ ಏರ್ಪಾಡೂ ಇತ್ತು. ಹಾಗವೂ ವೀಸವೂ ನಾಣ್ಯವಾಗಿ ಹೋದವು, ಮಾತಾಗಿ ಉಳಿದವು. ಜಿಪುಣನೊಬ್ಬ ವೀಸ ಬಿಚ್ಚುವುದಿಲ್ಲ ಎಂದು ನಾವು ಆಡಿಕೊಳ್ಳುವಾಗ ಆಣೆಗಿಂತ, ರೂಪಾಯಿಗಿಂತ ಎಷ್ಟೋ ಹಳೆಯ ಲೆಕ್ಕವೊಂದು ನಾಲಗೆಯ ಮೇಲಿರುತ್ತದೆ.

ಹೊಯ್ಸಳರ ಕೊನೆಗಾಲದಲ್ಲಿ ಗುಂಡ್ಲುಪೇಟೆ ಸೀಮೆಯ ದೊಡ್ಡ ಊರು ತೆರಕಣಾಂಬಿ. ಇಂದು ತರಕಾರಿ ಸಂತೆಗೆ ಹೆಸರಾದ ಆ ಊರಿನ ಹಳೆಯ ಗುಡಿಗಳನ್ನು ನೋಡಿದರೆ ಅದು ಯಾವ ಅಂತಸ್ತಿನಲ್ಲಿತ್ತೆಂದು ಊಹಿಸಬಹುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿನ ಗುಡಿಯನ್ನೂ ಬೆಟ್ಟದ ಕೋಟೆಯನ್ನೂ ಜನ ದಣ್ಣಾಯಕರ ಹೆಸರಿನೊಂದಿಗೆ ಸೇರಿಸಿ ಕಥೆ ಹೇಳುತ್ತಾರೆ. ಅವರ ಹೆಸರಿನ ದಣ್ಣಾಯಕನ ಕೋಟೆ ಈಗ ತಮಿಳುನಾಡಿನ ಭವಾನಿಸಾಗರದ ನೀರಿನಡಿಯಲ್ಲಿದೆ. ಮುಂದೆ ವಿಜಯನಗರದ ಕಾಲ. ಉಮ್ಮತ್ತೂರಿನ ಪಾಳೆಯಗಾರರು ಬಲಿತು ಪೆನುಗೊಂಡೆಯ ಚಕ್ರೇಶ್ವರರೆಂದೇ ಹೇಳಿಕೊಳ್ಳತೊಡಗಿದಾಗ ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲೇ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದವರೆಗೂ ಅಟ್ಟಿದ. ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಕದ್ದು. ಕೃಷ್ಣದೇವರಾಯನದಾದರೆ ಅದರ ಮೇಲೆ ಬಾಲಕೃಷ್ಣ, ಅಚ್ಯುತರಾಯನದಾದರೆ ಗಂಡಭೇರುಂಡ. ಚಿನ್ನದ ಮೇಲಿನ ಬರಹ ಬಹುಪಾಲು ನಾಗರಿಗೆ ತಿರುಗಿತು. ವಿಷ್ಣುವರ್ಧನನ ಹೊನ್ನಿನಲ್ಲಿ ಮೆರೆದ ಕನ್ನಡ ಅಕ್ಷರ ಈ ಸೀಮೆಯ ಜನರ ಕೈಗೆ ಮತ್ತೆ ಧಾರಾಳವಾಗಿ ಬರಲು ಬಹುಕಾಲ ಕಾಯಬೇಕಾಯಿತು. ಬಂದಾಗಲೂ ಚಿನ್ನದ ಮೇಲಲ್ಲ, ತಾಮ್ರದ ಮೇಲೆ. ಅದು ಮುಂದೆ.

ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಕೆಲವೇ ವರ್ಷಗಳಲ್ಲಿ ಉಮ್ಮತ್ತೂರು, ತೆರಕಣಾಂಬಿಗಳು ಮೈಸೂರಿಗೆ ಸೇರಿದವು. ಆದರೆ ಮೈಸೂರರಸರಲ್ಲಿ ಸ್ವಂತ ಟಂಕಸಾಲೆ ಇಟ್ಟವರು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರೇ ಮೊದಲಿಗರು. ಅವರ ಇಷ್ಟದೈವ ನರಸಿಂಹನನ್ನು ಹೊತ್ತ ಹಣ ಹೀಗೆ ಹುಟ್ಟಿತು. ಅದರಲ್ಲೊಂದು ಸೋಜಿಗವಿದೆ. ಹತ್ತು ಕಂಠೀರಾಯಿ ಹಣಕ್ಕೆ ಒಂದು ಕಂಠೀರಾಯಿ ವರಹ ಎಂದು ಲೆಕ್ಕ. ಸರ್ಕಾರದ ಕಡತಗಳಲ್ಲೆಲ್ಲ ವರಹವೇ ವರಹ. ಆದರೆ ಅಂಥ ಒಂದು ವರಹದ ನಾಣ್ಯವನ್ನು ಟಂಕಿಸಿಯೇ ಇರಲಿಲ್ಲ! ಅದು ಶಾನುಭೋಗನ ಕಡತದಲ್ಲಿ ಮಾತ್ರ ಇದ್ದ ನಾಣ್ಯ. ರೈತ ಎಣಿಸಿ ಕೊಡುತ್ತಿದ್ದುದು ಬೇಳೆಯಷ್ಟಗಲದ ಹಣಗಳನ್ನು. ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕುವುದೇ ಒಂದು ಕೆಲಸ. ಹಳೆಯ ಜಗಲಿಗಳ, ಸಂತೆಮಾಳಗಳ ಮಣ್ಣಿನಲ್ಲಿ ಮಳೆ ಬಂದ ಮೇಲೆ ಇವು ಮಿನುಗುವುದು ಇದೇ ಕಾರಣಕ್ಕೆ.

ಈ ಹಣದ ಕಥೆ ಗುಂಡ್ಲುಪೇಟೆಗೆ ಹತ್ತಿರವಾಗುವುದು ಚಿಕ್ಕದೇವರಾಜ ಒಡೆಯರಿಂದ. ಪಟ್ಟಕ್ಕೆ ಬರುವ ಮುಂಚೆ ಅವರನ್ನು ಹಂಗಳದಲ್ಲಿ ಕಾವಲಿನಲ್ಲಿಟ್ಟಿದ್ದರು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವವರು ದಾಟಿಹೋಗುವ ಅದೇ ಹಂಗಳ. ಮುಂದೆ ಮಂತ್ರಿಯಾದ ವಿಶಾಲಾಕ್ಷ ಪಂಡಿತನ ಸ್ನೇಹ ಬೆಳೆದದ್ದು ಆಗಲೇ. 1673ರಲ್ಲಿ ದೊರೆಯಾದ ಮೇಲೆ ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಇವರ ಖಜಾನೆಯ ಬಗ್ಗೆ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಒಂದು ಸಂಗತಿ ದಾಖಲಿಸಿದ್ದಾನೆ. ದಿನವೂ ಬೆಳಿಗ್ಗೆ ಪೂಜೆ ಮುಗಿಸಿ, ಸೀಮೆಗಳಿಂದ ಬಂದ ಹಣದಲ್ಲಿ ಸಾವಿರ ವರಹದ ಎರಡು ಚೀಲಗಳನ್ನು ಖಜಾನೆಗೆ ಇಟ್ಟ ಮೇಲೆಯೇ ದೊರೆ ಊಟ ಮಾಡುತ್ತಿದ್ದರಂತೆ. ಚೀಲ ಬರುವುದು ತಡವಾದರೆ ಊಟವೂ ತಡ. ಹೀಗೆ ಅವರಿಗೆ 'ನವಕೋಟಿ ನಾರಾಯಣ' ಎಂಬ ಹೆಸರು ಬಂತು. ಪುರಂದರದಾಸರ ಪೂರ್ವಾಶ್ರಮಕ್ಕೂ ಜನ ಇದೇ ಬಿರುದನ್ನು ಅಂಟಿಸುತ್ತಾರೆ, ಇರಲಿ. ಆ ಎರಡು ಚೀಲಗಳಲ್ಲಿ ಕಂಠೀರಾಯಿ ಹಣವೇ ಇದ್ದಿದ್ದರೆ ದಿನಕ್ಕೆ ಇಪ್ಪತ್ತು ಸಾವಿರ ಬಿಲ್ಲೆಗಳಾಗುತ್ತವೆ. ಅಷ್ಟನ್ನು ಕೂಡಿಸಲು ಹಾಕಿದ ತೆರಿಗೆಗಳ ಭಾರ ತಡೆಯದೆ ರೈತರು ದಂಗೆಯೆದ್ದದ್ದನ್ನೂ, ಅದನ್ನು ಕ್ರೂರವಾಗಿ ಅಡಗಿಸಿದ್ದನ್ನೂ ಅದೇ ವಿಲ್ಕ್ಸ್ ಬರೆದಿದ್ದಾನೆ.

ಹೈದರನ ಕಾಲಕ್ಕೆ ಬಂದರೆ ನಾಣ್ಯದ ಮೇಲೆ ಇನ್ನೊಂದು ಸೋಜಿಗ. 1763ರಲ್ಲಿ ಬಿದನೂರನ್ನು ಗೆದ್ದವನು ಇಕ್ಕೇರಿ ನಾಯಕರ ವರಹದ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿದ. ಪೇಟೆಯಲ್ಲಿ ನಡೆಯುತ್ತಿದ್ದ ಮುಖವನ್ನು ಕೆಡಿಸಬಾರದೆಂಬುದು ವ್ಯಾಪಾರ ಬಲ್ಲವನ ಬುದ್ಧಿ. ಟಿಪ್ಪು ಹಾಗಲ್ಲ, ಎಲ್ಲವನ್ನೂ ಹೊಸದಾಗಿ ಮಾಡಬೇಕೆನ್ನುವವನು. ನಾಣ್ಯಗಳಿಗೆ ಗ್ರಹಗಳ ಹೆಸರಿಟ್ಟ. ಪೈಸೆಗೆ ಶುಕ್ರನ ಹೆಸರಾದ ಜೊಹ್ರಾ, ಅರ್ಧ ಪೈಸೆಗೆ ಮಂಗಳನ ಹೆಸರಾದ ಬಹ್ರಾಂ. ಹೊಸ ಶಕೆಯನ್ನು ತಂದು ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದು ತಿಳಿಯದೆ ತಲೆ ಕೆಡಿಸಿಕೊಂಡ ಸಂಗ್ರಾಹಕರು ಬಹಳ ಜನ. ತಾಮ್ರದ ಪೈಸೆಯ ಮೇಲೆ ಮಾತ್ರ ಎಲ್ಲರಿಗೂ ಗುರುತು ಸಿಗುವ ಆನೆ.

ಟಿಪ್ಪುವಿನ ಆನೆ ಪೈಸೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಮಂದಿಯ ಬಳಿ ಇದೆ. 1790ರಲ್ಲಿ ಟಿಪ್ಪು ಗಜಲಹಟ್ಟಿ ಕಣಿವೆಯಿಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದ. ಆ ದಂಡು, ಅದರ ಹಿಂದಿನ ಬಂಡಿಗಳು, ದವಸ ಹೊರುವ ಬಣಜಾರರು ಎಲ್ಲ ಈ ಕಡೆಯ ದಾರಿಗಳನ್ನು ತುಳಿದವರೇ. ಇನ್ನು ಆನೆ ಎಂದರೆ ಇಲ್ಲಿನವರಿಗೆ ಬರಿಯ ಲಾಂಛನವಲ್ಲ. ರಾತ್ರಿ ಹೊಲಕ್ಕೆ ನುಗ್ಗುವ ಪ್ರಾಣಿ. ಮೈಸೂರು ಸೀಮೆಯ ಖೆಡ್ಡಾವನ್ನು ಜಿ.ಪಿ. ಸ್ಯಾಂಡರ್‌ಸನ್ ಮೊದಲು ಯಶಸ್ವಿಯಾಗಿ ನಡೆಸಿದ್ದು 1874ರಲ್ಲಿ ಚಾಮರಾಜನಗರದ ಸುತ್ತಿನ ಕಾಡಿನಲ್ಲೇ. ಗಂಗರ ಹೆಸರಿನ ಹೊನ್ನಿನಿಂದ ಟಿಪ್ಪುವಿನ ಪೈಸೆಯವರೆಗೆ ಅಚ್ಚು ಕೊರೆಯುವವನಿಗೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ದಿವಾನ್ ಪೂರ್ಣಯ್ಯ ಹಳೆಯ ಕಂಠೀರಾಯಿ ಹಣವನ್ನು ಮತ್ತೆ ಟಂಕಿಸತೊಡಗಿದ. ಜನರಿಗೆ ಗೊತ್ತಿದ್ದ, ನಂಬಿಕೆಯಿದ್ದ ನಾಣ್ಯ ಅದು. ಆದರೆ ಹೊಸದರ ಅಗಲ ಕಡಿಮೆ, ದಪ್ಪ ಹೆಚ್ಚು. ಜನ ಕೂಡಲೇ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು: ಹಳೆಯದು ಅಗಲ ಕಂಠೀರಾಯಿ, ಹೊಸದು ಗಿಡ್ಡ ಕಂಠೀರಾಯಿ. ಎರಡರ ನಡುವೆ ನೂರೈವತ್ತು ವರ್ಷದ ಅಂತರ. ಮುಖ ಒಂದೇ, ಬರಹ ಒಂದೇ. ಅಗಲ ಮತ್ತು ದಪ್ಪ ನೋಡಿಯೇ ಹೇಳಬೇಕು.

ಇದೇ ಮುಮ್ಮಡಿಯವರು 1818ರಲ್ಲಿ ಅರಿಕುಠಾರಕ್ಕೆ ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟರು. ಚಾಮರಾಜೇಶ್ವರ ದೇವಾಲಯ 1826ರದು. ಕನ್ನಡ ಅಕ್ಷರ ತಾಮ್ರದ ಮೇಲೆ ಬಂತೆಂದು ಮೇಲೆ ಹೇಳಿದೆನಲ್ಲ, ಅದು ಇವರ ಕಾಲದ್ದು. 'ಮಯಿಲಿ ಕಾಸು 20' ಎಂದು ಕನ್ನಡದಲ್ಲಿ, ಅದರ ಬೆಲೆಯೇ ಇಂಗ್ಲಿಷಿನಲ್ಲಿ, ಜೊತೆಗೆ ಪಾರಸಿ. ಮೊದಲು ಆನೆ, ಆಮೇಲೆ ಸಿಂಹ, 'ಶ್ರೀ ಚಾಮುಂಡಿ' ಎಂಬ ಬರಹ. ಮೂರು ಲಿಪಿಗಳನ್ನು ಹೊತ್ತ ಆ ದಪ್ಪ ತಾಮ್ರದ ಬಿಲ್ಲೆಯನ್ನು ಕೈಯಲ್ಲಿ ಹಿಡಿದರೆ ಆಗಿನ ಮೈಸೂರಿನ ಕಚೇರಿಯೊಳಗೆ ಒಂದು ಸುತ್ತು ಬಂದಂತಾಗುತ್ತದೆ. ಟಂಕಸಾಲೆ 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಆಮೇಲೆ ಕಂಪನಿಯ ರೂಪಾಯಿ. ಕಾವೇರಿಯಾಚೆ ಕೊಳ್ಳೇಗಾಲವಂತೂ 1799ರ ಬಳಿಕ ಮದರಾಸಿಗೆ ಸೇರಿ 1956ರವರೆಗೂ ಅಲ್ಲೇ ಇತ್ತು.

ಈ ನಾಣ್ಯಗಳನ್ನು ಹುಡುಕಿ ಪಟ್ಟಿ ಮಾಡಲು ಮೊದಲು ಹೊರಟವರಲ್ಲಿ ಇಂಗ್ಲಿಷ್ ಅಧಿಕಾರಿಗಳೇ ಹೆಚ್ಚು. ಸರ್ ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕವನ್ನು 1886ರಲ್ಲಿ ತಂದ. ಕ್ಯಾಪ್ಟನ್ ಟಫ್ನೆಲ್ 1889ರಲ್ಲಿ ದಕ್ಷಿಣದ ನಾಣ್ಯ ಸಂಗ್ರಾಹಕರಿಗೆಂದೇ ಕೈಪಿಡಿ ಬರೆದ. ಹೆಂಡರ್‌ಸನ್‌ನ ಹೈದರ್ ಟಿಪ್ಪು ನಾಣ್ಯಗಳ ಪುಸ್ತಕ 1921ರದು. ನಮ್ಮವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಆದರೆ ವಿದ್ವಾಂಸನಿಗಿಂತ ಮೊದಲು ನಾಣ್ಯ ಸಿಗುವುದು ಉಳುವವನಿಗೆ, ಪಾಯ ತೋಡುವವನಿಗೆ. ಅವನು ಏನು ಮಾಡುತ್ತಾನೆಂಬುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ.

ನಿಧಿ ಸಿಕ್ಕರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಭಯ ಮೊದಲನೆಯದು. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ತಿಳಿಸಬೇಕೆಂಬ ಕಾನೂನು 1878ರಲ್ಲೇ ಬಂತು. ಕರ್ನಾಟಕದ್ದೇ ಆದ ನಿಧಿ ಕಾಯಿದೆ 1962ರದು. ತಿಳಿಸಿದವನಿಗೆ ಏನೂ ಸಿಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಬಚ್ಚಿಟ್ಟವನಿಗೆ ಮಾತ್ರ ಶಿಕ್ಷೆ. ಭಯಪಟ್ಟವರು ರಾತ್ರೋರಾತ್ರಿ ಕರಗಿಸುತ್ತಾರೆ. ಕಂಠೀರಾಯಿ ಹಣದಲ್ಲಿ ಚಿನ್ನ ಎಷ್ಟಿದ್ದೀತು? ಕರಗಿಸಿದರೆ ಮೂಗುತಿಯೊಂದಕ್ಕೆ ಸಾಲುವುದೇ ಕಷ್ಟ. ಇದಕ್ಕಿಂತ ನಷ್ಟದ ವ್ಯಾಪಾರ ಇನ್ನೊಂದಿಲ್ಲ.

ಎರಡನೆಯದು ಹುಣಸೆಹಣ್ಣು. ತಾಮ್ರದ ನಾಣ್ಯ ಸಿಕ್ಕ ಕೂಡಲೇ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ಫಳಫಳ ಮಾಡಿ ತೋರಿಸುತ್ತಾರೆ. ನೂರಾರು ವರ್ಷ ಮಣ್ಣಿನಲ್ಲಿದ್ದು ಅದರ ಮೇಲೆ ಕಟ್ಟಿದ ಕಂದು ಹಸಿರು ಪದರವೇ ಅಕ್ಷರವನ್ನು ಕಾಪಾಡಿರುತ್ತದೆ. ಉಜ್ಜಿದರೆ ಆನೆಯ ಸೊಂಡಿಲೂ ಹೋಗುತ್ತದೆ, ಟಂಕಸಾಲೆಯ ಹೆಸರೂ ಹೋಗುತ್ತದೆ.

ಮೂರನೆಯದು ಮೋಸ. ರಾಮ ಸೀತೆಯರ ಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ಪೂಜೆಗೆಂದು ಮಾಡಿದ ಬಿಲ್ಲೆಗಳು, ಯಾವ ರಾಜನ ನಾಣ್ಯವೂ ಅಲ್ಲ. ಒಂದು ಬದಿ ಹನುಮಂತ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1616 ಅಥವಾ 1818 ಎಂದು ವರ್ಷ ಹಾಕಿದವನ್ನಂತೂ ಕಂಪನಿ ಎಂದೂ ಹೊರಡಿಸಿರಲಿಲ್ಲ. ಇನ್ನು ಅಕ್ಕಿಕಾಳನ್ನು ಎಳೆದುಕೊಳ್ಳುವ ತಾಮ್ರದ ನಾಣ್ಯ, ಅದಕ್ಕೆ ಕೋಟಿ ರೂಪಾಯಿ ಕೊಡುವವರು ವಿದೇಶದಲ್ಲಿದ್ದಾರೆ ಎಂಬ 'ರೈಸ್ ಪುಲ್ಲಿಂಗ್' ವ್ಯವಹಾರದಲ್ಲಿ ಹೊಲ ಮಾರಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾಣ್ಯದಲ್ಲಿ ಅಕ್ಕಿ ಎಳೆಯುವ ಶಕ್ತಿಯಿಲ್ಲ. ನೂರು ವರ್ಷ ಮೀರಿದ ನಾಣ್ಯವನ್ನು ದೇಶದಾಚೆ ಸಾಗಿಸುವುದು 1972ರ ಕಾಯಿದೆಯಂತೆ ಅಪರಾಧವೂ ಹೌದು.

ಸಂಗ್ರಹ ಮಾಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. ತೂತು ಕಾಸಿನಿಂದಲೇ ಶುರು ಮಾಡಿ, ತಪ್ಪಿಲ್ಲ. 1943ರಿಂದ 1947ರವರೆಗಿನ ಆ ತೂತಿನ ಪೈಸೆ ಇನ್ನೂ ಎಷ್ಟೋ ಮನೆಗಳ ಡಬ್ಬಿಯಲ್ಲಿದೆ. ಪ್ರತಿಯೊಂದನ್ನೂ ಒಂದೊಂದು ಕಾಗದದ ಲಕೋಟೆಯಲ್ಲಿಟ್ಟು ಯಾರ ಮನೆಯದು, ಯಾವ ಊರಿನದು, ಹೊಲದಲ್ಲಿ ಸಿಕ್ಕಿತೋ ಹುಂಡಿಯಲ್ಲೋ ಸರದಲ್ಲೋ, ತೂಕವೆಷ್ಟು, ಅಗಲವೆಷ್ಟು ಎಂದು ಬರೆಯಿರಿ. ಓದಲು ಬರದಿದ್ದರೆ ಕಾಗದವಿಟ್ಟು ಪೆನ್ಸಿಲಿನಿಂದ ಮೃದುವಾಗಿ ಉಜ್ಜಿ ನಕಲು ತೆಗೆದು, ಮೈಸೂರಿನ ಪುರಾತತ್ವ ಇಲಾಖೆಯವರಿಗೋ ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ವಿಭಾಗದವರಿಗೋ ತೋರಿಸಿ.

ಇಷ್ಟನ್ನು ತಿಳಿದುಕೊಂಡ ಮೇಲೆ ಒಮ್ಮೆ, ಆ ಸರವನ್ನು ಅಕ್ಕಸಾಲಿಗರಿಗೆ ಕೊಟ್ಟುಬಂದ ಹಿರಿಯರನ್ನೇ ಕೇಳಿದೆ. ಅಜ್ಜಿಯ ಹಣ ಅಗಲದ್ದೋ ಗಿಡ್ಡದ್ದೋ, ಕಂಠೀರವ ನರಸರಾಜರ ಕಾಲದ್ದೋ ಪೂರ್ಣಯ್ಯನ ಕಾಲದ್ದೋ ಎಂದು ನನಗೆ ತಿಳಿಯಬೇಕಾಗಿತ್ತು. ಹುರಿಗಡಲೆಯಷ್ಟು ಅಗಲವೆಂಬುದು ಹುಡುಗನ ಕಣ್ಣಳತೆ, ಅದನ್ನು ನೆಚ್ಚುವಂತಿಲ್ಲ. ತೆಳ್ಳಗಿತ್ತೆ, ದಪ್ಪಗಿತ್ತೆ, ಕಿವಿಯನ್ನು ಎಲ್ಲಿ ಬೆಸೆದಿದ್ದರು ಎಂದು ತಿರುಗಿಸಿ ಮುರುಗಿಸಿ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಚಿನ್ನ ಮಾತ್ರ ಬಲು ಚೊಕ್ಕವಾಗಿತ್ತು ಎಂದರು.